ಅಕ್ಟೋಬರ್ 1ಕ್ಕೆ ಮ್ಯೂನಿಕ್‌ನಲ್ಲಿ ಇಳಿಯುತ್ತೇನೆ: ಮೊದಲ ನಾಲ್ಕು ದಿನ ನಿದ್ದೆ, ಸುತ್ತಾಟ, ಊಟ ಹೇಗೆ ಹೊಂದಿಸೋದು?

ಹೊಸಬ_ಹಾಸನ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಾಸ್ಟರ್ಸ್ ಓದಲು ಮ್ಯೂನಿಕ್‌ಗೆ ಹೊರಟಿದ್ದೇನೆ. ಬೆಂಗಳೂರಿಂದ ವಿಮಾನ ಬೆಳಗಿನ ಜಾವ 3ಕ್ಕೆ. ಅಲ್ಲಿ ಇಳಿಯೋದು 2026ರ ಅಕ್ಟೋಬರ್ 1, ಗುರುವಾರ, ಬೆಳಗ್ಗೆ 9:30ಕ್ಕೆ. ರೂಮ್ ಸ್ಟೂಡೆಂಟನ್‌ಸ್ಟಾಟ್ ಎಂಬ ವಿದ್ಯಾರ್ಥಿ ಹಾಸ್ಟೆಲ್‌ಗಳ ಬಡಾವಣೆಯಲ್ಲಿ, ಕೀಲಿ ಕೊಡೋದು ಮಧ್ಯಾಹ್ನ 1ಕ್ಕೆ. 23 ಕಿಲೋದ ಸೂಟ್‌ಕೇಸ್ ಎರಡು, ಬೆನ್ನಿಗೊಂದು ಬ್ಯಾಗ್. ಕ್ಲಾಸು ಶುರುವಾಗೋದು ಅಕ್ಟೋಬರ್ ಮಧ್ಯದಲ್ಲಿ, ಅಲ್ಲೀತನಕ ಊರು ನೋಡೋ ಆಸೆ.

ಕೇಳಬೇಕಾದ್ದು ಇಷ್ಟು. ಜೆಟ್ ಲ್ಯಾಗ್ ಎಷ್ಟು ದಿನ ಕಾಡುತ್ತೆ, ಅದಕ್ಕೆ ಏನು ಮಾಡಬೇಕು? ಇಳಿದ ದಿನವೇ ಸುತ್ತಾಡಬಹುದಾ, ಇಲ್ಲ ಮಲಗಿಬಿಡೋದೇ ಒಳ್ಳೇದಾ? ಅಡುಗೆ ಸಾಮಾನು ಯಾವಾಗ, ಏನೇನು ತಗೋಬೇಕು? ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಅಣ್ಣಂದಿರು, ಅಕ್ಕಂದಿರು ಗೊತ್ತಿದ್ದರೆ ಸ್ವಲ್ಪ ವಿವರವಾಗಿ ಹೇಳಿ.

ನಿದ್ದೆ_ಲೆಕ್ಕ:

ಮೊದಲು ಒಂದು ಮಾತು. ನಿಮ್ಮದು ಅಮೆರಿಕದ ಪ್ರಯಾಣ ಅಲ್ಲ. ಅಕ್ಟೋಬರ್ 1ಕ್ಕೆ ಜರ್ಮನಿ ನಮಗಿಂತ ಬರೀ ಮೂರೂವರೆ ಗಂಟೆ ಹಿಂದೆ. ಪಶ್ಚಿಮಕ್ಕೆ ಹೋದಾಗ ದೇಹದ ಗಡಿಯಾರ ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಹಿಂದಕ್ಕೆ ಸರಿಯುತ್ತೆ, ಅಂದರೆ ಮೂರು ದಿನದ ಕೆಲಸ. ಮೊದಲ ದಿನ ತಲೆ ತಿರುಗೋದು ಮುಖ್ಯವಾಗಿ ಜೆಟ್ ಲ್ಯಾಗ್‌ನಿಂದಲ್ಲ, ರಾತ್ರಿಯಿಡೀ ನಿದ್ದೆಗೆಟ್ಟಿದ್ದರಿಂದ. ಈ ಎರಡನ್ನೂ ಒಂದೇ ಅಂದುಕೊಂಡು ಮಧ್ಯಾಹ್ನ ಐದು ಗಂಟೆ ಕಾಲ ಮಲಗಿಬಿಟ್ಟರೆ ಮೂರು ದಿನದ ಕೆಲಸ ಒಂದು ವಾರಕ್ಕೆ ಎಳೆಯುತ್ತೆ.

ನಿಮ್ಮ ವಿಮಾನದ ಸಮಯ ನೋಡಿ. ಬೆಂಗಳೂರಿನ ಬೆಳಗಿನ ಜಾವ 3 ಅಂದರೆ ಮ್ಯೂನಿಕ್‌ನ ರಾತ್ರಿ 11:30. ಇಳಿಯೋದು ಅಲ್ಲಿನ ಬೆಳಗ್ಗೆ 9:30. ಹಾರಾಟದ ಹತ್ತು ಗಂಟೆ ಸರಿಯಾಗಿ ಮ್ಯೂನಿಕ್‌ನ ರಾತ್ರಿಯ ಮೇಲೇ ಬಂದು ಕೂತಿದೆ. ಹಾಗಾಗಿ ಊಟ ಕೆಂಪೇಗೌಡ ನಿಲ್ದಾಣದಲ್ಲೇ ಮುಗಿಸಿ, ಹತ್ತಿದ ಕೂಡಲೇ ವಾಚು ಮ್ಯೂನಿಕ್ ಸಮಯಕ್ಕೆ ತಿರುಗಿಸಿ. ಮೊದಲು ಬರೋ ಊಟದ ತಟ್ಟೆ ಬೇಡ ಅನ್ನಿ. ಅದಕ್ಕೆ ಕಾದು, ತಿಂದು, ತಟ್ಟೆ ವಾಪಸ್ ಕೊಡೋಷ್ಟರಲ್ಲಿ ಎರಡು ಗಂಟೆ ಹೋಗಿರುತ್ತೆ. ಕಣ್ಣಿಗೆ ಪಟ್ಟಿ, ಕಿವಿಗೆ ಪ್ಲಗ್ ಹಾಕಿ. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಳ್ಳಿ, ಗಾಳಿ ಅಲುಗಾಡಿದಾಗ ಬೆಲ್ಟ್ ನೋಡೋಕೆ ನಿಮ್ಮನ್ನ ಎಬ್ಬಿಸೋದು ತಪ್ಪುತ್ತೆ. ಐದು ಗಂಟೆ ನಿದ್ದೆ ಸಿಕ್ಕರೂ ಗುರುವಾರ ನಿಮ್ಮ ಕೈಲಿರುತ್ತೆ.

ಹೊರಡೋ ಮುಂಚಿನ ಮೂರು ದಿನ ದಿನಕ್ಕೊಂದು ಗಂಟೆ ತಡವಾಗಿ ಮಲಗಿ, ತಡವಾಗಿ ಏಳಿ. ಮನೇಲಿ ಬೈಗುಳ ಸಿಗಬಹುದು, ಆದರೆ ಅರ್ಧ ದಾರಿ ಇಲ್ಲೇ ಸವೆದಿರುತ್ತೆ.

ಇಳಿದ ಮೇಲೆ ನಿಜವಾದ ಪರೀಕ್ಷೆ ಸಂಜೆ. ಊರಲ್ಲಿ 11ಕ್ಕೆ ಮಲಗುವವರಿಗೆ ಅಲ್ಲಿ 7:30ಕ್ಕೇ ರೆಪ್ಪೆ ಎಳೆಯುತ್ತೆ. ಮೊದಲ ದಿನ 9:30 ದಾಟಿಸಿ ಸಾಕು. ಮಧ್ಯಾಹ್ನ ಕಣ್ಣು ಮುಚ್ಚಲೇಬೇಕು ಅನ್ನಿಸಿದರೆ 3 ಗಂಟೆಯೊಳಗೆ, 25 ನಿಮಿಷ ಮಾತ್ರ. ಅಲಾರಂ ಇಟ್ಟ ಫೋನು ಕೈಗೆಟುಕದ ಕಡೆ, ಬಾಗಿಲ ಹತ್ತಿರ ಇರಲಿ. ಮುಕ್ಕಾಲು ಗಂಟೆ ದಾಟಿದರೆ ಆಳ ನಿದ್ದೆಗೆ ಇಳಿದಿರ್ತೀರಿ, ಅಲ್ಲಿಂದ ಎದ್ದರೆ ಮಲಗೋಕೆ ಮುಂಚೆಗಿಂತ ಮಂಕಾಗಿರುತ್ತೆ. ಕಾಫಿ ಮಧ್ಯಾಹ್ನ 2ರ ತನಕ ಮಾತ್ರ, ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯೋಕೇ ಐದಾರು ಗಂಟೆ ಬೇಕು.

ಯು6_ಪ್ರಯಾಣಿಕೆ:

ಸಾಮಾನು ಮತ್ತು ದಾರಿಯ ವಿಷಯ ನಾನು ಹೇಳ್ತೀನಿ.

ವಿಮಾನ ನಿಲ್ದಾಣದಿಂದ ಊರಿಗೆ ಎಸ್1, ಎಸ್8 ಎಂಬ ಎರಡು ರೈಲು ಇವೆ. ನಿಮಗೆ ಎಸ್8. ಸುಮಾರು 40 ನಿಮಿಷಕ್ಕೆ ಊರ ನಡುವಿನ ಚೌಕ ಮಾರಿಯನ್‌ಪ್ಲಾಟ್ಸ್. ಅಲ್ಲಿ ಇಳಿದು ಯು6 ಎಂಬ ಮೆಟ್ರೋ ಹಿಡಿದು ಸ್ಟೂಡೆಂಟನ್‌ಸ್ಟಾಟ್. ನಿದ್ದೆಗಣ್ಣಲ್ಲಿ ತಪ್ಪೋ ಜಾಗ ಇದೇ. ಯು3, ಯು6 ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ, ಮ್ಯೂನ್‌ಶ್ನರ್ ಫ್ರೈಹೈಟ್ ದಾಟಿದ ಮೇಲೆ ಬೇರೆಯಾಗುತ್ತವೆ. ಬೋರ್ಡಿನಲ್ಲಿ ಗಾರ್ಕಿಂಗ್ ಅಥವಾ ಫ್ರೋಟ್‌ಮಾನಿಂಗ್ ಅಂತ ಇದ್ದರೆ ಹತ್ತಿ. ಯು3 ಹತ್ತಿಬಿಟ್ಟರೂ ಗಾಬರಿ ಬೇಡ, ಮ್ಯೂನ್‌ಶ್ನರ್ ಫ್ರೈಹೈಟ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಲ್ಲಿ ಯು6ಕ್ಕೆ ನಿಂತುಕೊಳ್ಳಿ.

ಆದರೆ 46 ಕಿಲೋ ಹೊತ್ತು ಮಾರಿಯನ್‌ಪ್ಲಾಟ್ಸ್‌ನಲ್ಲಿ ಬದಲಾಯಿಸೋದನ್ನ ನಾನಂತೂ ಹೇಳಲ್ಲ. ನೆಲದಡಿ ಹಲವು ಅಂತಸ್ತು, ಎಸ್ಕಲೇಟರ್ ಮೇಲೆ ಎರಡು ಸೂಟ್‌ಕೇಸ್, ಲಿಫ್ಟಿಗೆ ಸಾಲು, ಜೊತೆಗೆ ಅದು ಒಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬದ ಕೊನೇ ವಾರ. ಅದರ ಬದಲು ಲುಫ್ತಾನ್ಸಾ ಎಕ್ಸ್‌ಪ್ರೆಸ್ ಬಸ್ಸಿದೆ, ಯಾವ ಏರ್‌ಲೈನ್ಸಲ್ಲಿ ಬಂದವರೂ ಹತ್ತಬಹುದು. ಅದು ಮುಖ್ಯ ರೈಲು ನಿಲ್ದಾಣಕ್ಕೆ ಹೋಗೋ ದಾರೀಲಿ ನೋರ್ಡ್‌ಫ್ರೀಡ್‌ಹೋಫ್ ಹತ್ತಿರ ನಿಲ್ಲುತ್ತೆ. ಅಲ್ಲಿಂದ ಯು6ರಲ್ಲಿ ಉತ್ತರಕ್ಕೆ ಎರಡನೇ ಸ್ಟಾಪೇ ಸ್ಟೂಡೆಂಟನ್‌ಸ್ಟಾಟ್. ಸೂಟ್‌ಕೇಸು ಬಸ್ಸಿನ ಹೊಟ್ಟೆಗೆ ಹೋಗುತ್ತೆ, ನಿಮಗೆ ಸೀಟು ಸಿಗುತ್ತೆ. ಬಸ್ಸಿಗೆ ಅದರದೇ ಟಿಕೆಟ್, ಯು6ಕ್ಕೆ ಬೇರೆ ಟಿಕೆಟ್ ಅನ್ನೋದು ನೆನಪಿರಲಿ.

ಟಿಕೆಟ್: ಡಾಯ್ಚ್‌ಲಾಂಡ್‌ಟಿಕೆಟ್ 2026ರಲ್ಲಿ ತಿಂಗಳಿಗೆ 63 ಯೂರೋ. ದೇಶದ ಎಲ್ಲಾ ಲೋಕಲ್ ರೈಲು, ಟ್ರಾಮ್, ಸಿಟಿ ಬಸ್ಸಿಗೆ ನಡೆಯುತ್ತೆ. ನೀವು ಒಂದನೇ ತಾರೀಕೇ ಇಳೀತಿರೋದು ಅದೃಷ್ಟ, ಪೂರ್ತಿ ತಿಂಗಳು ಸಿಗುತ್ತೆ. ಇದು ಚಂದಾ ಲೆಕ್ಕ, ತಾನೇ ಮುಂದುವರಿಯುತ್ತೆ. ಮುಂದಿನ ತಿಂಗಳು ಬೇಡ ಅಂದರೆ ಈ ತಿಂಗಳ 10ರೊಳಗೆ ರದ್ದು ಮಾಡಬೇಕು. ಬವೇರಿಯಾದ ವಿದ್ಯಾರ್ಥಿಗಳಿಗೆ ಇದೇ ಟಿಕೆಟ್ ರಿಯಾಯಿತಿಯಲ್ಲಿದೆ, ದಾಖಲಾತಿ ಪತ್ರ ಕೈಗೆ ಬಂದ ಮೇಲೆ ಅದಕ್ಕೆ ಬದಲಾಯಿಸಿ. ಕಾಗದದ ಟಿಕೆಟ್ ತಗೊಂಡರೆ ಅದರ ಮೇಲೆ "ಎಂಟ್ವೆರ್ಟನ್" ಅನ್ನೋ ಪದ ಇದೆಯಾ ನೋಡಿ. ಇದ್ದರೆ ಪ್ಲಾಟ್‌ಫಾರ್ಮಿಗೆ ಇಳಿಯೋ ಮುಂಚೆ ನೀಲಿ ಪೆಟ್ಟಿಗೆಗೆ ತುರುಕಿ ಮುದ್ರೆ ಒತ್ತಿಸಬೇಕು. ಗೇಟು, ತಡೆ ಏನೂ ಇಲ್ಲ, ಅದಕ್ಕೇ ಹೊಸಬರು ಮರೀತಾರೆ. ಮುದ್ರೆ ಇಲ್ಲದ ಟಿಕೆಟ್ಟಿಗೂ ಟಿಕೆಟ್ಟೇ ಇಲ್ಲದವರಿಗೂ ದಂಡ ಒಂದೇ, 60 ಯೂರೋ. ಚೆಕಿಂಗ್‌ನವರು ಮಾಮೂಲಿ ಬಟ್ಟೇಲಿ ಇರ್ತಾರೆ, "ಹೊಸಬ, ಗೊತ್ತಿರಲಿಲ್ಲ" ಅನ್ನೋದು ನಡೆಯಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ್ದು ಕ್ಯಾಲೆಂಡರ್. ಅಕ್ಟೋಬರ್ 3 ಜರ್ಮನಿ ಒಂದಾದ ದಿನದ ಸರ್ಕಾರಿ ರಜೆ, ಈ ಸಲ ಶನಿವಾರ ಬಂದಿದೆ. ಮರುದಿನ ಭಾನುವಾರ. ಬವೇರಿಯಾದಲ್ಲಿ ರಜೆ, ಭಾನುವಾರ ಎಂದರೆ ಸೂಪರ್ ಮಾರ್ಕೆಟ್ಟೂ ಪೂರ್ತಿ ಬಂದ್. ಉಳಿದ ದಿನವೂ ರಾತ್ರಿ 8ಕ್ಕೆ ಬಾಗಿಲು. ಅಂದರೆ ಶುಕ್ರವಾರ ರಾತ್ರಿ 8ರಿಂದ ಸೋಮವಾರ ಬೆಳಗ್ಗೆ ತನಕ ನಿಮ್ಮ ಬೀದಿಯಲ್ಲಿ ಅಕ್ಕಿ, ಹಾಲು ಸಿಗಲ್ಲ. ಶುಕ್ರವಾರ ಸಂಜೆ ಇಡೀ ಊರೇ ಅಂಗಡಿಯಲ್ಲಿರುತ್ತೆ, ಆದ್ದರಿಂದ ದೊಡ್ಡ ಸಾಮಾನು ಗುರುವಾರ ಮಧ್ಯಾಹ್ನ 2-3ಕ್ಕೇ ತಂದುಬಿಡಿ. ನಿದ್ದೆ ತಡೆಯೋಕೂ ಅದೊಂದು ಕೆಲಸ. ತೀರಾ ಸಿಕ್ಕಿಹಾಕಿಕೊಂಡರೆ ಮುಖ್ಯ ರೈಲು ನಿಲ್ದಾಣದ ಒಳಗಿನ ಅಂಗಡಿಗಳು ರಜಾ ದಿನವೂ ತೆರೆದಿರುತ್ತವೆ. ದರ ಜಾಸ್ತಿ, ಸಾಲು ಉದ್ದ.

ಧಾರವಾಡ_ಒಗ್ಗರಣಿ:

ಅಡಗಿ ಮಾತಿಗೆ ನಾನು ಬರ್ತೇನ್ರಿ.

ಮೊದಲ ನಾಕು ದಿನಕ್ಕ ಕುಕ್ಕರ್ ಇಲ್ಲದೆ ಆಗೋ ಅಡಗಿ ಹಿಡೀರಿ. "ಮಿಲ್ಶ್‌ರೈಸ್" ಅಂತ ಅರ್ಧ ಕಿಲೋ ಪಾಕೀಟ ಎಲ್ಲಾ ಅಂಗಡ್ಯಾಗೂ ಸಿಗತದ. ಅವರು ಅದರಾಗ ಹಾಲಿನ ಪಾಯಸ ಮಾಡ್ತಾರ. ಗುಂಡನ್ನ ಅಕ್ಕಿ, ಕುದಿಸಿದ್ರ ಮೆತ್ತಗ ಅಂಟಂಟ ಆಗತದ, ಮೊಸರನ್ನಕ್ಕ ಹೇಳಿ ಮಾಡಿಸಿದಂಗ. ಒಂದ ಬಟ್ಟಲಕ್ಕ ಮೂರ ಬಟ್ಟಲ ನೀರು, ಸಣ್ಣ ಉರಿ, 20-25 ನಿಮಿಷ, ನಡಬರಕ ಒಂದೆರಡ ಸಲ ತಳ ತಿರುವ್ರಿ. ಮೊಸರು ಅಂದ್ರ "ನಾಟೂರ್‌ಯೋಗುರ್ಟ್", 3.5 ಅಂತ ಬರೆದಿದ್ದ ಅರ್ಧ ಕಿಲೋ ಡಬ್ಬಿ. ಬಾಜೂಕ ಇರೋ "ಕ್ವಾರ್ಕ್" ತರಬ್ಯಾಡ್ರಿ, ಅದು ನೀರು ಸೋಸಿದ ಗಟ್ಟಿ ಪದಾರ್ಥ, ಅನ್ನಕ್ಕ ಹಾಕಿದ್ರ ಸುಣ್ಣ ಕಲಸಿದಂಗ ಆಗತದ. ಮಜ್ಜಿಗಿ ಬೇಕಾದ್ರ "ಬುಟರ್‌ಮಿಲ್ಶ್" ಅದ, ಉಪ್ಪು, ಶುಂಠಿ ಹಾಕಿದ್ರ ನಮ್ಮ ಮನೀದ ಅನಸ್ತದ.

ಬ್ಯಾಳಿಗೆ "ರೋಟೆ ಲಿನ್ಸನ್", ಕೆಂಪು ಮಸೂರ ಬ್ಯಾಳಿ. ಪಾತ್ರ್ಯಾಗ 12-15 ನಿಮಿಷಕ್ಕ ಕರಗತದ. ತೊಗರಿ ಬ್ಯಾಳಿ ಆಮ್ಯಾಲೆ, ಮುಖ್ಯ ನಿಲ್ದಾಣದ ದಕ್ಷಿಣಕ್ಕ ಗೋಯ್ಟೆ ಸ್ಟ್ರಾಸೆ, ಲಾಂಡ್‌ವೇರ್ ಸ್ಟ್ರಾಸೆ ಕಡೆ ತುರ್ಕಿ, ಏಷ್ಯಾ ಅಂಗಡಿ ಸಾಲು ಅದಾವ, ಅಲ್ಲಿ ನೋಡ್ರಿ. ಉಪ್ಪಿಟ್ಟಿಗೆ "ಹಾರ್ಟ್‌ವೈಟ್ಸನ್‌ಗ್ರೀಸ್" ತಗೋರಿ. "ವೈಶ್‌ವೈಟ್ಸನ್" ಅಂತ ಇದ್ದದ್ದು ಮೆತ್ತನ ಗೋಧಿ ರವಾ, ಅದರಾಗ ಉಪ್ಪಿಟ್ಟು ಅಂಬಲಿ ಆಗತದ.

ಒಂದು ದೊಡ್ಡ ತಪ್ಪು ಎಲ್ಲಾರೂ ಮಾಡ್ತಾರ. "ಕ್ಯುಮೆಲ್" ಅಂತ ಬರೆದದ್ದು ಜೀರಗಿ ಅಂತ ತರ್ತಾರ. ಅದು ನೋಡಾಕ ಜೀರಗಿನ, ಆದ್ರ ಬ್ಯಾರೆ ಬೀಜ, ಬ್ರೆಡ್ಡು ಕ್ಯಾಬೀಜಕ್ಕ ಹಾಕೋದು. ಒಗ್ಗರಣಿಗೆ ಹಾಕಿದ್ರ ಸಾರು ಔಷಧ ನಾತ ಹೊಡೀತದ. ನಮ್ಮ ಜೀರಗಿ "ಕ್ರಾಯ್ಟ್ಸ್‌ಕ್ಯುಮೆಲ್". ಅರಿಶಿಣ "ಕುರ್ಕುಮಾ". ಸಾಸಿವಿ ಅಲ್ಲಿ ಹಳದೀದು ಸಿಗತದ, ಚಟಪಟ ಅಂದ್ರೂ ನಮ್ಮ ಘಮ ಇಲ್ಲ. ಮನಿಯಿಂದ 100 ಗ್ರಾಂ ಕರೀ ಸಾಸಿವಿ ಒಯ್ಯಿರಿ, ಆರು ತಿಂಗಳ ಬರತದ.

ಒಯ್ಯಬಾರದ್ದು: ತುಪ್ಪ, ಖೋವಾ, ಪನೀರ. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ಬ್ಯಾಗಿನ್ಯಾಗ ತರೂ ಹಂಗಿಲ್ಲ. ಹಸೀ ಕರಿಬೇವು, ಮಾವು, ನಿಂಬಿಹಣ್ಣೂ ಇಲ್ಲ. ಪ್ರಮಾಣಪತ್ರ ಇಲ್ಲದ ಬಿಡೋ ಹಣ್ಣು ಐದ: ಬಾಳಿ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್. ಕರಿಬೇವು ಒಣಗಿಸಿ ಪುಡಿ ಮಾಡಿ ಒಯ್ಯಿರಿ. ತುಪ್ಪ ಅಲ್ಲೇ ಮಾಡ್ರಿ: ಉಪ್ಪಿಲ್ಲದ ಬೆಣ್ಣಿ 250 ಗ್ರಾಂ, ಸಣ್ಣ ಉರೀಲೆ ಕಾಲ ತಾಸು, ಸುಮಾರು 200 ಗ್ರಾಂ ಘಮಘಮ ತುಪ್ಪ ಬರತದ.

ಒಲಿ ಇಂಡಕ್ಷನ್ ಇದ್ರ ಅಲ್ಯುಮಿನಿಯಂ ಕುಕ್ಕರ್ ಕಾಯೂದಿಲ್ಲ, ಅಯಸ್ಕಾಂತ ಅಂಟೋ ಸ್ಟೀಲ್ ತಳ ಬೇಕು. ಮತ್ತ ಒಗ್ಗರಣಿ ಹೊಗಿಗೆ ಅಲಾರಂ ಹೊಡ್ಕೋತದ. ಮೊದಲ ಕಿಟಕಿ ತಗೀರಿ, ಎಣ್ಣಿ ಹೊಗಿ ಏಳೂಕಿಂತ ಮುಂಚೆ ಸಾಸಿವಿ ಹಾಕಿ ಮುಚ್ಚಳ ಮುಚ್ರಿ. ಘಾಟು ಬಂತಂತ ಕಾರಿಡಾರಿನ ಬಾಗಲ ಮಾತ್ರ ತಗೀಬ್ಯಾಡ್ರಿ, ಅಲ್ಲಿಯ ಅಲಾರಂ ಇಡೀ ಕಟ್ಟಡಕ್ಕ ಕೂಗತದ, ಅಗ್ನಿಶಾಮಕದವರು ಬಂದ್ರ ಬಿಲ್ ಬರಬಹುದು.

ಹೊರಗ ತಿನ್ನೂದಾದ್ರ ಬ್ರೆಟ್ಸೆ (ಉಪ್ಪು ಹಚ್ಚಿದ ಗಂಟಿನಾಕಾರದ ಬ್ರೆಡ್ಡು), ಕೇಸ್‌ಶ್ಪೆಟ್ಸ್‌ಲೆ (ಚೀಸ್ ಹಾಕಿದ ಮೊಟ್ಟಿ ಹಿಟ್ಟಿನ ಶಾವಗಿಯಂಥದ್ದು) ನಡೀತದ. "ಶ್ಪೆಕ್" ಅಂದ್ರ ಹಂದಿ ಮಾಂಸ, "ಶ್ಮಾಲ್ಟ್ಸ್" ಅಂದ್ರ ಕೊಬ್ಬು. ಕ್ಯಾಬೀಜದ ಪಲ್ಯಾದಾಗೂ ಶ್ಪೆಕ್ ಇರ್ತದ, ಕೇಳೇ ತಿನ್ರಿ. ನೀರಿನ ಬಾಟ್ಲಿ ತಗೊಂಡ್ರ "ಶ್ಟಿಲ್" ಅಂತ ಇರಬೇಕು, "ಮೀಡಿಯಂ" ಅಂದ್ರ ಗ್ಯಾಸ್ ನೀರು. ನಳದ ನೀರ ಕುಡೀರಿ, ಛಲೋ ಅದ. ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಠೇವಣಿ ಹಿಡೀತಾರ, ಜಜ್ಜಬ್ಯಾಡ್ರಿ, ಅಂಗಡೀ ಮಷೀನಿಗೆ ಹಾಕಿದ್ರ ವಾಪಸ್ ಬರತದ.

ಹೊಸಬ_ಹಾಸನ:

ಎಲ್ಲರಿಗೂ ಧನ್ಯವಾದ. ಕ್ಯುಮೆಲ್ ಅಂಗೈ ಮೇಲೆ ಬರ್ಕೋತೀನಿ. ಇನ್ನೆರಡು ಪ್ರಶ್ನೆ: ಸಂಜೆ ನಿದ್ದೆ ತಡೆಯೋಕೆ ಎಲ್ಲಿ ಸುತ್ತಾಡಲಿ? ಬೆಳಗಿನ ಜಾವ 3:30ಕ್ಕೆ ಎಚ್ಚರ ಆದರೆ ಎದ್ದು ವಾಕಿಂಗ್ ಹೋಗಬಹುದಾ? ಬಿಯರ್ ಹಬ್ಬ ಹೇಗೂ ಇದೆ, ನೋಡದೆ ಬಿಡಬೇಕಾ?

ಇಸಾರ್_ದಂಡೆ:

ಸುತ್ತಾಟಕ್ಕೆ ಒಂದೇ ಸೂತ್ರ: ಕೂರೋ ಜಾಗಗಳು ಬೆಳಗ್ಗೆ, ನಡೆಯೋ ಜಾಗಗಳು ಸಂಜೆ. ಆ ವಾರ ಸೂರ್ಯ ಹುಟ್ಟೋದು 7:15ರ ಹತ್ತಿರ, ಮುಳುಗೋದು 7ಕ್ಕೆ ಸ್ವಲ್ಪ ಮುಂಚೆ. ಸಂಜೆ 4ರಿಂದ 7 ಹೊರಗಿರಬೇಕು.

ಗುರುವಾರ ರೈಲೇ ಬೇಡ. ಸ್ಟೂಡೆಂಟನ್‌ಸ್ಟಾಟ್‌ನ ಪೂರ್ವಕ್ಕೆ ಹಾಸ್ಟೆಲ್ ಕಟ್ಟಡಗಳನ್ನು ದಾಟಿದರೆ ಇಂಗ್ಲಿಷ್ ಗಾರ್ಡನ್‌ನ ಉತ್ತರ ಭಾಗ. 1789ರಲ್ಲಿ ಶುರುವಾದ ಉದ್ಯಾನ, ಸುಮಾರು 3.75 ಚದರ ಕಿಲೋಮೀಟರ್. ದಕ್ಷಿಣಕ್ಕೆ ಹೊರಡಿ. ಈ ಭಾಗದಲ್ಲಿ ಹುಲ್ಲುಗಾವಲು, ಕಾಡು, ಜನ ಕಡಿಮೆ. ಇಸಾರ್‌ರಿಂಗ್ ಎಂಬ ದೊಡ್ಡ ರಸ್ತೆಯನ್ನು ಸೇತುವೆ ಮೇಲೆ ದಾಟಿದ ಕೂಡಲೇ ಕ್ಲೈನ್‌ಹೆಸ್ಸೆಲೋಹರ್ ಕೆರೆ, ಬಾತುಕೋಳಿ, ದೋಣಿ. ಇನ್ನೂ ಮುಂದೆ ಮರದ ಚೀನೀ ಗೋಪುರ, ಆಮೇಲೆ ದಿಬ್ಬದ ಮೇಲೆ ಕಂಬಗಳ ದುಂಡು ಮಂಟಪ, ಮೊನೊಪ್ಟೆರೊಸ್. ಒಟ್ಟು ನಾಲ್ಕೈದು ಕಿಲೋಮೀಟರ್. ಮಂಟಪ ಮುಟ್ಟೋ ತನಕ ಬೆಂಚಿನ ಮೇಲೆ ಕೂರಬೇಡಿ, ಕೂತರೆ ಅಲ್ಲೇ ತೂಕಡಿಕೆ. ಮೆಟ್ಟಿಲ ಮೇಲೆ ಕೂತರೆ ಪಶ್ಚಿಮಕ್ಕೆ ಊರಿನ ಗೋಪುರಗಳ ಹಿಂದೆ ಸೂರ್ಯ ಇಳಿಯೋದು ಕಾಣುತ್ತೆ. ವಾಪಸ್ ಬರೋಕೆ ಪಶ್ಚಿಮಕ್ಕೆ ನಡೆದರೆ ಗಿಸೆಲಾ ಸ್ಟ್ರಾಸೆ ಅಥವಾ ಯುನಿವರ್ಸಿಟೇಟ್ ನಿಲ್ದಾಣ, ಎರಡೂ ನಿಮ್ಮ ಯು6 ಮೇಲೇ. ಸೂರ್ಯ ಹೋದ ಹತ್ತೇ ನಿಮಿಷಕ್ಕೆ ಚಳಿ ಹಿಡಿಯುತ್ತೆ, ಜಾಕೆಟ್ ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ.

ಶುಕ್ರವಾರ ಸಂಜೆ 4ಕ್ಕೆ ಆಲ್ಟರ್ ಪೀಟರ್ ಚರ್ಚಿನ ಗೋಪುರ. ಸುಮಾರು 300 ಮೆಟ್ಟಿಲು, ಲಿಫ್ಟಿಲ್ಲ, ಎದುರಿಂದ ಇಳಿಯೋರಿಗೆ ಗೋಡೆಗೆ ಒರಗಿ ದಾರಿ ಬಿಡಬೇಕಾದಷ್ಟು ಕಿರಿದು. ನಿದ್ದೆಯ ಮಂಕಿಗೆ ಕಾಫಿಗಿಂತ ಒಳ್ಳೇ ಮದ್ದು. ಇಳಿದು ಎದುರಿನ ಮಾರಿಯನ್‌ಪ್ಲಾಟ್ಸ್‌ಗೆ 5ಕ್ಕೆ ಮುಂಚೆ ಬನ್ನಿ. ಹೊಸ ರಾಥೌಸ್‌ನ (ನಗರಸಭೆ ಕಟ್ಟಡದ) ಗಂಟೆಗೊಂಬೆ ದಿನವೂ 11ಕ್ಕೆ, 12ಕ್ಕೆ ಆಡುತ್ತೆ, ಸಂಜೆ 5ರ ಆಟ ಮಾರ್ಚ್‌ನಿಂದ ಅಕ್ಟೋಬರ್ ತನಕ ಮಾತ್ರ. ಮೇಲಿನ ಅಂತಸ್ತಿನಲ್ಲಿ 1568ರ ರಾಜಮನೆತನದ ಮದುವೆಯ ಕುದುರೆ ಕಾಳಗ. ಎರಡನೇ ಸುತ್ತಿಗೆ ಲೊರೇನ್ ಸವಾರ ಬೀಳ್ತಾನೆ, ಬವೇರಿಯಾದವನು ಗೆಲ್ತಾನೆ. ಬಹಳ ಜನ ಅದಕ್ಕೇ ಹೊರಟುಬಿಡ್ತಾರೆ. ಕೊನೇಲಿ ಚಿನ್ನದ ಹುಂಜ ಮೂರು ಸಲ ಕೂಗೋ ತನಕ ನಿಲ್ಲಿ. ಗೋಡೆಯ ಬುಡದಲ್ಲಿ ನಿಂತರೆ ಕತ್ತು ನೋವು, ಚೌಕದ ದಕ್ಷಿಣ ಅಂಚಿಗೆ ಸರಿಯಿರಿ.

ಶನಿವಾರ ಎಲ್ಲಾ ಬಂದ್ ಇರೋದರಿಂದ ಒಲಿಂಪಿಯಾ ಪಾರ್ಕ್. ಯು6ರಲ್ಲಿ ಮ್ಯೂನ್‌ಶ್ನರ್ ಫ್ರೈಹೈಟ್, ಅಲ್ಲಿ ಯು3ಕ್ಕೆ ಬದಲಾಯಿಸಿ ಒಲಿಂಪಿಯಾಟ್ಸೆಂಟ್ರುಮ್. 1972ರ ಕ್ರೀಡಾಕೂಟದ ಪಾರದರ್ಶಕ ಡೇರೆಯಂಥ ಚಾವಣಿ ಕೆಳಗೆ, ಪಕ್ಕದಲ್ಲಿ ಗುಡ್ಡ. ಗುಡ್ಡ ಅಂದರೆ ಯುದ್ಧದಲ್ಲಿ ಕುಸಿದ ಊರಿನ ಇಟ್ಟಿಗೆ, ಗಾರೆಯ ರಾಶಿ, ಮೇಲೆ ಹುಲ್ಲು ಬೆಳೆಸಿದ್ದಾರೆ. ಹತ್ತೋಕೆ ಕಾಲು ಗಂಟೆ, ಟಿಕೆಟ್ ಇಲ್ಲ. ಗಾಳಿ ಶುಭ್ರವಾಗಿದ್ದರೆ ದಕ್ಷಿಣಕ್ಕೆ ಆಲ್ಪ್ಸ್ ಸಾಲು ಕಾಣುತ್ತೆ. ಮಳೆ ಬಂದರೆ ಎದುರಿನ ಬಿಎಂಡಬ್ಲ್ಯೂ ವೆಲ್ಟ್ ಎಂಬ ಕಾರು ಪ್ರದರ್ಶನದ ಕಟ್ಟಡ, ಅದಕ್ಕೂ ಟಿಕೆಟ್ ಇಲ್ಲ.

ಭಾನುವಾರ ಆಲ್ಟೆ ಪಿನಕೊಟೆಕ್ ಎಂಬ ಹಳೇ ಚಿತ್ರಗಳ ಮ್ಯೂಸಿಯಂ, ಆ ದಿನ ಪ್ರವೇಶ 1 ಯೂರೋ. ಬೆಳಗ್ಗೆ 10ಕ್ಕೇ ಹೋಗಿ, 12:30ಕ್ಕೆ ಹೊರಬನ್ನಿ. ಊಟ ಮಾಡಿ ಮ್ಯೂಸಿಯಂಗೆ ಹೋದರೆ ಬೆಚ್ಚನೆ ಕೋಣೆ, ಮೆತ್ತನೆ ಬೆಂಚು, ರೂಬೆನ್ಸ್ ಚಿತ್ರದ ಕೆಳಗೇ ಗೊರಕೆ. ಡ್ಯೂರರ್ 1500ರಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರದ ಎದುರು ನಿಂತಾಗ ಮುಖಕ್ಕಿಂತ ಕೋಟಿನ ತುಪ್ಪಳ ಹಿಡಿದ ಬೆರಳು ನೋಡಿ. ಆಲ್ಟ್‌ಡಾರ್ಫರ್‌ನ 1529ರ ಅಲೆಕ್ಸಾಂಡರ್ ಯುದ್ಧದ ಚಿತ್ರಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ, ಇರುವೆ ಸಾಲಿನ ಹಾಗೆ ಸೈನಿಕರು. ಹೊರಬಂದ ಮೇಲೆ ದಕ್ಷಿಣದ ಗೋಡೆ ನೋಡೋದು ಮರೀಬೇಡಿ. ಬಾಂಬ್ ಬಿದ್ದ ಭಾಗವನ್ನು ಅಲಂಕಾರವಿಲ್ಲದ ಬರೀ ಇಟ್ಟಿಗೆಯಲ್ಲಿ ಕಟ್ಟಿ, ಗಾಯದ ಗುರುತು ಹಾಗೇ ಬಿಟ್ಟಿದ್ದಾರೆ. ಪಕ್ಕದ ನೋಯೆ ಪಿನಕೊಟೆಕ್ ವರ್ಷಗಳಿಂದ ದುರಸ್ತಿಗೆ ಮುಚ್ಚಿದೆ, ಸಾಲು ಹುಡುಕಬೇಡಿ.

ಬಿಯರ್ ಹಬ್ಬ ಅಕ್ಟೋಬರ್ 4ಕ್ಕೆ ಮುಗಿಯುತ್ತೆ. ನೋಡೋದಾದರೆ ಶುಕ್ರವಾರ ಬೆಳಗ್ಗೆ 10ಕ್ಕೆ, ಎರಡು ಗಂಟೆ. ಕೊನೇ ಶನಿವಾರ ಸಂಜೆ ಆ ಕಡೆ ಸುಳಿಯಲೇಬೇಡಿ. ಒಳಗೆ ಹೋಗೋಕೆ ದುಡ್ಡಿಲ್ಲ, ಆದರೆ 3 ಲೀಟರಿಗಿಂತ ದೊಡ್ಡ ಬ್ಯಾಗ್ ಬಿಡಲ್ಲ, ಬೆನ್ನಿನ ಬ್ಯಾಗ್ ರೂಮಲ್ಲೇ ಇರಲಿ. ಹಬ್ಬದ ಮೈದಾನದ ಟೆರೇಸಿಯನ್‌ವೀಸೆ ನಿಲ್ದಾಣದಲ್ಲಿ ಉಸಿರುಗಟ್ಟುತ್ತೆ, ನಿಮ್ಮ ಯು6ರ ಗೋಯ್ಟೆಪ್ಲಾಟ್ಸ್‌ನಲ್ಲಿ ಇಳಿದು ಹತ್ತು ನಿಮಿಷ ನಡೀರಿ. ಅಲ್ಲಿನ ಮಗ್ಗು ಪೂರ್ತಿ 1 ಲೀಟರ್, ಮಾಮೂಲಿ ಬಿಯರಿಗಿಂತ ತುಸು ಗಡುಸು. ನಿದ್ದೆಗೆಟ್ಟ ದೇಹಕ್ಕೆ ಅದು ಬೇಡ. ಗಿರಗಟ್ಲೆ ನೋಡಿ, ಬ್ರೆಟ್ಸೆ ತಿಂದು ಬನ್ನಿ.

ಬೆಳಗಿನ ಜಾವ ಎಚ್ಚರ ಆದರೆ ಹೊರಗೆ ಹೋಗಿ, ಬೆಳಗಿನ ಬೆಳಕು ಜೆಟ್ ಲ್ಯಾಗಿಗೆ ಒಳ್ಳೇದು.

ನಿದ್ದೆ_ಲೆಕ್ಕ:

ಇಸಾರ್_ದಂಡೆಯವರ ಕೊನೇ ಸಾಲಿಗೆ ಒಂದು ತಿದ್ದುಪಡಿ. ಬೆಳಗಿನ ಬೆಳಕು ಒಳ್ಳೇದು ಅನ್ನೋದು ಪೂರ್ವಕ್ಕೆ ಹೋದವರಿಗೆ. ಪಶ್ಚಿಮಕ್ಕೆ ಬಂದವರಿಗೆ ತಿರುಗುಮುರುಗು.

ದೇಹದ ಉಷ್ಣತೆ ಅತಿ ಕೆಳಗಿಳಿಯೋದು ಮಾಮೂಲಿ ಏಳೋ ಹೊತ್ತಿಗಿಂತ ಎರಡು ಮೂರು ಗಂಟೆ ಮುಂಚೆ. ಆ ಬಿಂದುವಿನ ಮುಂಚೆ ಬಿದ್ದ ಬೆಳಕು ಗಡಿಯಾರವನ್ನ ಹಿಂದಕ್ಕೆ ತಳ್ಳುತ್ತೆ, ಆಮೇಲೆ ಬಿದ್ದದ್ದು ಮುಂದಕ್ಕೆ. ಊರಲ್ಲಿ 7ಕ್ಕೆ ಏಳುವವರಿಗೆ ಆ ಬಿಂದು ನಮ್ಮ ಸಮಯ ನಾಲ್ಕೂವರೆ ಆಸುಪಾಸು, ಮ್ಯೂನಿಕ್‌ನಲ್ಲಿ ರಾತ್ರಿ 1. ನಿಮಗೆ ಬೇಕಾದ್ದು ಹಿಂದಕ್ಕೆ ತಳ್ಳೋ ಬೆಳಕು, ಅಂದರೆ ಸಂಜೆಯದು. ರಾತ್ರಿ 1ರಿಂದ ಬೆಳಗ್ಗೆ 7ರ ನಡುವೆ ಕಣ್ಣಿಗೆ ಬೀಳೋ ಬೆಳಕೆಲ್ಲ ನಿಮ್ಮನ್ನ ವಾಪಸ್ ಹಾಸನದ ಸಮಯಕ್ಕೇ ಎಳೆಯುತ್ತೆ.

ಅಕ್ಟೋಬರ್‌ನಲ್ಲಿ ಸೂರ್ಯ 7:15ಕ್ಕೆ ಹುಟ್ಟೋದರಿಂದ ಅವನ ತಪ್ಪು ಅಷ್ಟಿಲ್ಲ. ಜೂನ್‌ನಲ್ಲಿ ಐದಕ್ಕೆಲ್ಲ ಬೆಳಕಾಗುವಾಗ ಇದು ನಿಜವಾದ ತೊಂದರೆ. ಈಗಿನ ಕಳ್ಳ ಅಂದರೆ ಫೋನು ಮತ್ತು ಅಡುಗೆಮನೆಯ ಟ್ಯೂಬ್‌ಲೈಟ್. 3:30ಕ್ಕೆ ಎಚ್ಚರ ಆಗೋದು ಖಂಡಿತ, ಯಾಕಂದರೆ ಊರಲ್ಲಿ ಆಗ 7. ಅಮ್ಮನ ಫೋನೂ ಅದೇ ಹೊತ್ತಿಗೆ ಬರುತ್ತೆ. ಮೊದಲ ಮೂರು ದಿನ ಅಲ್ಲಿನ 8ರ ನಂತರ ಮಾತಾಡೋಣ ಅಂತ ಮನೇಲಿ ಮೊದಲೇ ಹೇಳಿಡಿ. ದೀಪ ಹಾಕದೆ ನೀರು ಕುಡಿದು, ಹಸಿವಾದರೆ ಒಂದು ಬಾಳೆಹಣ್ಣು ತಿಂದು, ಮತ್ತೆ ಮಲಗಿ. ನಿದ್ದೆ ಬರದಿದ್ದರೆ ಕಿವಿಗೆ ಏನಾದರೂ ಹಾಕಿಕೊಂಡು ಕತ್ತಲಲ್ಲೇ ಬಿದ್ದುಕೊಳ್ಳಿ. 7ರ ಮೇಲೆ ಎದ್ದು ಹೊರಡಬಹುದು, ಆ ಹೊತ್ತಿನ ಖಾಲಿ ಮಾರಿಯನ್‌ಪ್ಲಾಟ್ಸ್ ನೋಡೋ ಹಾಗಿರುತ್ತೆ ಅನ್ನೋದನ್ನ ಒಪ್ತೀನಿ.

ಒಂದು ಲಾಭವೂ ಇದೆ. ಬೆಳಗ್ಗೆ 9ರಿಂದ 11 ನಿಮ್ಮ ತಲೆ ಅತ್ಯಂತ ಚುರುಕಾಗಿರುತ್ತೆ. ಫಾರ್ಮು, ಬ್ಯಾಂಕು, ಸಹಿ ಹಾಕೋ ಕೆಲಸ ಎಲ್ಲಾ ಆಗಲೇ. ಸಂಜೆ 5ರ ಮೇಲೆ ಯಾವ ಒಪ್ಪಂದಕ್ಕೂ ಸಹಿ ಬೇಡ. ಅಕ್ಟೋಬರ್ 25ರ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಅಂತರ ನಾಲ್ಕೂವರೆ ಆಗುತ್ತೆ, ಸಂಜೆ ಐದೂವರೆಗೆಲ್ಲ ಕತ್ತಲು. ಆ ವಾರ ಮತ್ತೆ ಬೇಗ ನಿದ್ದೆ ಬಂದರೆ ಆಶ್ಚರ್ಯ ಪಡಬೇಡಿ.

ಯು6_ಪ್ರಯಾಣಿಕೆ:

ಬಿಟ್ಟುಹೋದ ಚಿಲ್ಲರೆ ವಿಷಯ. ರೂಮಿಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಹಾಸ್ಟೆಲ್‌ನವರು ಕೊಡೋ "ವೋನುಂಗ್ಸ್‌ಗೇಬರ್" ಪತ್ರ ಬೇಕು, ಕೀಲಿ ತಗೊಳ್ಳುವಾಗಲೇ ಕೇಳಿ ಇಸ್ಕೊಳ್ಳಿ. ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ ಊರಿಂದಲೇ ಹುಡುಕಲು ಶುರು ಮಾಡಿ. ಸಿಮ್ ಅಂಗಡೀಲಿ ಸಿಕ್ಕರೂ ಗುರುತಿನ ತಪಾಸಣೆ ಆಗದೆ ಚಾಲೂ ಆಗಲ್ಲ. ಅಲ್ಲೀತನಕ "ಬೈರನ್‌ವ್ಲಾನ್" ಅನ್ನೋ ಸರ್ಕಾರಿ ವೈಫೈ ಪಾಸ್‌ವರ್ಡ್ ಇಲ್ಲದೆ ಸಿಗುತ್ತೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವಿದ್ಯುತ್ತು ನಮ್ಮ ಹಾಗೇ 230 ವೋಲ್ಟ್, ಅಡಾಪ್ಟರ್ ಸಾಕು. ತಲೆನೋವು, ಜ್ವರದ ಮಾತ್ರೆ ಕೈಚೀಲದಲ್ಲಿರಲಿ. ರಜಾದಿನ ಸರದಿಯ ಔಷಧಿ ಅಂಗಡಿ ಮಾತ್ರ ತೆರೆದಿರುತ್ತೆ, 2.50 ಯೂರೋ ಹೆಚ್ಚುವರಿ. ತುರ್ತಿಗೆ 112, ರಜಾದಿನ ಡಾಕ್ಟರ್ ಬೇಕಾದರೆ 116117. ಫುಟ್‌ಪಾತ್ ಪಕ್ಕದ ಕೆಂಪು ಬಣ್ಣದ ಪಟ್ಟೆ ಸೈಕಲ್ಲಿನದು, ಸೂಟ್‌ಕೇಸ್ ಎಳೆದುಕೊಂಡು ಅದರ ಮೇಲೆ ನಿಲ್ಲಬೇಡಿ, ಬೆಲ್ಲು ಹೊಡೆದು ಬೈದೇ ಹೋಗ್ತಾರೆ.

ಹೊಸಬ_ಹಾಸನ:

ತುಂಬಾ ಉಪಕಾರ. ಕೊನೇ ಪ್ರಶ್ನೆ: ರೂಮಲ್ಲಿ ರಾತ್ರಿ ಹೀಟರ್ ಎಷ್ಟಕ್ಕೆ ಇಡಬೇಕು?

ನಿದ್ದೆ_ಲೆಕ್ಕ:

ರೇಡಿಯೇಟರಿನ ಗುಂಡಿಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ. ಮಲಗುವಾಗ 2ಕ್ಕೂ 3ಕ್ಕೂ ನಡುವೆ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗಲ್ಲ, ಸುಮ್ಮನೆ ಜಾಸ್ತಿ ಬಿಸಿಯಾಗಿ ಗಂಟಲು ಒಣಗಿ ಎಚ್ಚರ ಆಗುತ್ತೆ. ಕಿಟಕಿಯ ಹಿಡಿ ಕೆಳಗಿದ್ದರೆ ಮುಚ್ಚಿದೆ, ಅಡ್ಡ ಇದ್ದರೆ ಬಾಗಿಲ ಹಾಗೆ ತೆರೆಯುತ್ತೆ, ಮೇಲಿದ್ದರೆ ಮೇಲ್ಭಾಗ ಮಾತ್ರ ಒಳಕ್ಕೆ ಓರೆಯಾಗುತ್ತೆ. ಓರೆಯಾದ ಕಿಟಕಿ ನೋಡಿ ಕಿತ್ತು ಬಂತು ಅಂತ ಹೆದರಬೇಡಿ, ತಳ್ಳಿ ಮುಚ್ಚಿ ಹಿಡಿ ಕೆಳಗೆ ಮಾಡಿ.

ಯು6_ಪ್ರಯಾಣಿಕೆ:

ಬಾಗಿಲ ವಿಷಯ ಹೇಳೋದೇ ಮರೆತೆ. ಅಲ್ಲಿನ ಬಾಗಿಲಿಗೆ ಹೊರಗಡೆ ತಿರುಗೋ ಹಿಡಿ ಇರಲ್ಲ, ಬರೀ ಗುಬುಟು. ಮುಚ್ಚಿಕೊಂಡರೆ ತಾನೇ ಲಾಕ್. ಕಸ ಹಾಕೋಕೆ ಬನಿಯನ್ನಲ್ಲಿ ಹೊರಗೆ ಕಾಲಿಟ್ಟರೂ ಕೀಲಿ ಜೇಬಲ್ಲಿರಬೇಕು. ರಜಾದಿನ ಬೀಗ ತೆಗೆಯೋರನ್ನ ಕರೆಸಿದರೆ ನೂರಾರು ಯೂರೋ ಕೇಳ್ತಾರೆ. ಊರಿಂದ ಒಂದು ಉಡಿದಾರದಂಥ ಗಟ್ಟಿ ದಾರ ತನ್ನಿ, ಮೊದಲ ನಾಲ್ಕು ದಿನ ಕೀಲಿ ಕೊರಳಲ್ಲೇ ಇರಲಿ.